ತೊಳೆದರೂ ಹೋಗದ ನೀಲಿ

ಟೊಮೆಟೊ ಮೇಲೆ ಇಟ್ಟ ಚಾಕು ಜಾರಿತು. ಒತ್ತಿದರೆ ಹಣ್ಣು ಪಚಕ್ಕನೆ ಒಡೆದು ರಸ ರಾಜೇಶ್ವರಿಯ ಸೀರೆಗೆ ಸಿಡಿಯಿತು.

ಇನ್ನೊಂದು ಹಣ್ಣು ತೆಗೆದುಕೊಂಡಳು. ಅದೂ ಅಷ್ಟೇ — ಹೋಳಾಗಲಿಲ್ಲ, ಒಡೆಯಿತು.

"ವಂದನಾ, ಈ ಚಾಕೂಗೆ ಏನಾಗೇತಿ?"

ಮೂಲೆಯಲ್ಲಿ ಉಳ್ಳಾಗಡ್ಡಿ ಸುಲಿಯುತ್ತಿದ್ದ ವಂದನಾ ತಲೆ ಎತ್ತಿದಳು. "ನಾನೂ ಅದನ್ನ ಹೇಳಾಕಿದ್ದೆ ಅಕ್ಕಾರ. ಮುಂಜಾನೆ ಮೊದಲ ನಾಕ ಉಳ್ಳಾಗಡ್ಡಿ ಸರಸರ ಕೊಯ್ತರಿ. ಆಮ್ಯಾಲ ಒಮ್ಮೆಲೆ ಕೈ ಕೊಡ್ತು."

"ಕಲ್ಲಿಗೆ ಹಚ್ಚಿದ್ದಿಯೇನು?"

"ಎರಡ ಸಲ ಹಚ್ಚೇನ್ರಿ. ಹಚ್ಚಿದಾಗ ಬರತೈತಿ. ನಾಕ ಕೊಯ್ಯೂದ್ರಾಗ ಮತ್ತ ಹೋಗತೈತಿ."

ರಾಜೇಶ್ವರಿ ಚಾಕುವನ್ನು ಸೆರಗಿನಿಂದ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದಳು. ಅಲಗಿನ ಹರಿತ ಬಾಯಿಯ ಉದ್ದಕ್ಕೂ ಒಂದು ನೀಲಿ ಪಟ್ಟಿ. ತುದಿಯಲ್ಲಿ ಗಾಢವಾಗಿತ್ತು. ಅದರ ಮೇಲೆ ನೇರಳೆ ಛಾಯೆ, ಅದರ ಮೇಲೆ ಕಂದು, ಇನ್ನೂ ಮೇಲೆ ಅರಿಶಿನದ ನೀರು ಒಣಗಿದಂಥ ಒಂದು ಗೆರೆ. ಕಂದು ಬಣ್ಣ ತುಕ್ಕು ಇರಬಹುದು. ಆದರೆ ನೀಲಿ?

ಅವಳ ಕಣ್ಣು ತಾನಾಗಿಯೇ ವಂದನಾಳ ಕೈಗಳತ್ತ ಹೋಯಿತು. ಉಗುರಿನ ಸಂದಿಯೆಲ್ಲ ನೀಲಿ.

ವಂದನಾ ಬೆಳಿಗ್ಗೆ ಇವರ ಮನೆಯಲ್ಲಿ ಕಾಯಿಪಲ್ಯ ಹೆಚ್ಚುತ್ತಾಳೆ. ಮಧ್ಯಾಹ್ನದ ಮೇಲೆ ತನ್ನ ಮನೆಯಲ್ಲಿ, ಮಗ್ಗಗಳ ಮಾಲೀಕ ಸೇಠನ ನೂಲನ್ನು ಕೂಲಿಗೆ, ಲಾಳಿಯೊಳಗೆ ಕೂರುವ ಕಂಡಿಕೆಗೆ ಸುತ್ತುತ್ತಾಳೆ. ಈ ತಿಂಗಳು ಸೇಠ ಕೊಟ್ಟದ್ದೆಲ್ಲ ನೀಲಿ ನೂಲು. ಮೊನ್ನೆ ಸಂಜೆ, "ನಾಳಿ ಅಮಾಸಿ, ಕುಂಬಳಕಾಯಿ ಕೊಯ್ಯೂದೈತಿ, ಚಾಕು ಒಯ್ಲೇನ್ರಿ?" ಎಂದು ಕೇಳಿ ಒಯ್ದವಳೂ ಅವಳೇ.

"ನಿನ್ನೆ ಇದರಿಂದ ಏನೇನ ಕೊಯ್ದಿ?"

"ಕುಂಬಳಕಾಯಿ ಒಂದರಿ. ಎರಡ ಗೆಣಸು."

"ನೂಲು?"

ವಂದನಾಳ ಕೈ ನಿಂತಿತು. "ನೂಲಿಗೆ ಚಾಕು ಯಾಕ ಬೇಕ್ರಿ? ಹಲ್ಲಿನಿಂದ ಹರೀತೀನಿ."

ಕೇಳಬಾರದಿತ್ತು ಎಂದು ರಾಜೇಶ್ವರಿಗೆ ಆ ಕ್ಷಣಕ್ಕೇ ಅನ್ನಿಸಿತು. ಒಳಗಿನ ಕೋಣೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಅತ್ತೆ ಮುತ್ತವ್ವ ಕೇಳಿಸಿಕೊಂಡಿದ್ದಳು.

ಆ ಚಾಕು ಸುಮ್ಮನೆ ಬಂದದ್ದಲ್ಲ. ಬನಹಟ್ಟಿಯ ಆ ಓಣಿಯಲ್ಲಿ ಗಿರಿಮಲ್ಲಪ್ಪನವರ ಮನೆಯೆಂದರೆ ಮುಂದೆ ಖಾನಾವಳಿ, ಹಿಂದೆ ಮಗ್ಗದ ಶೆಡ್ಡು. ಶೆಡ್ಡು ಮಗ ಮಲ್ಲಿನಾಥನದು. ಖಾನಾವಳಿ ಅವನ ತಾಯಿ ಮುತ್ತವ್ವ ಮತ್ತು ಹೆಂಡತಿ ರಾಜೇಶ್ವರಿಯದು. ಸುತ್ತಲಿನ ಮಗ್ಗಗಳ ನೇಕಾರರು ಎರಡು ಹೊತ್ತು ಊಟಕ್ಕೆ ಬರುತ್ತಾರೆ. ಅಷ್ಟು ಜನಕ್ಕೆ ಹೆಚ್ಚುವ ಕೈಗೆ ಒಂದು ನೆಟ್ಟಗಿನ ಚಾಕು ಬೇಕಲ್ಲ? ಬಸ್‌ಸ್ಟ್ಯಾಂಡಿನ ಗಾಡಿಯಲ್ಲಿ ಕೊಂಡ ಬಣ್ಣದ ಹಿಡಿಯ ಚಾಕು ಬದನೆಕಾಯಿ ಕಂಡರೆ ಬಾಗುತ್ತಿತ್ತು. ಇನ್ನೊಂದರ ಹಿಡಿ ಕೈಯಲ್ಲಿ ಉಳಿದು ಅಲಗು ಕುಂಬಳಕಾಯಿಯಲ್ಲಿ ಉಳಿಯಿತು. ಜಮಖಂಡಿಯ ಅಂಗಡಿಯಲ್ಲಿ ಪೆಟ್ಟಿಗೆಯೊಳಗೆ ಮಲಗಿಸಿದ್ದ ಚಾಕುಗಳನ್ನು ಬೆಲೆ ಕೇಳಿಯೇ ವಾಪಸು ಇಟ್ಟು ಬಂದಿದ್ದಳು.

ಕೊನೆಗೆ ಮುಧೋಳದ ಸಂತೆಯಲ್ಲಿ ಒಬ್ಬ ಕಂಬಾರ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದು ಮಾಡಿದ ಚಾಕುಗಳನ್ನು ಗೋಣಿಚೀಲದ ಮೇಲೆ ಹರವಿಕೊಂಡು ಕೂತಿದ್ದ. ಹೊಳಪು ನೋಡಿ ಕೊಂಡದ್ದೆಲ್ಲ ಕೈಕೊಟ್ಟಿದ್ದರಿಂದ ರಾಜೇಶ್ವರಿ ಹೊಳಪು ನೋಡುವುದನ್ನು ಬಿಟ್ಟಿದ್ದಳು. ಸೂಜಿಗೆ ದಾರ ಪೋಣಿಸುವವಳಂತೆ ಒಂದು ಕಣ್ಣು ಮುಚ್ಚಿ ಬಾಯಿ ನೆಟ್ಟಗಿದೆಯೇ ನೋಡಿದಳು. ಉಕ್ಕು ಹಿಡಿಯ ಕೊನೆತನಕ ಹೋಗಿದೆಯೇ ನೋಡಿದಳು. ಉಗುರಿನಿಂದ ಮೀಟಿ ಸದ್ದು ಕೇಳಿದಳು. ಅಲಗು ಹಿಡಿ ಸೇರುವಲ್ಲಿ ಬೆರಳ ಮೇಲೆ ನಿಲ್ಲಿಸಿ ತೂಗಿದಳು. ಬೆನ್ನು ಕಪ್ಪು, ಬಾಯಿಯ ಕಡೆ ಎರಡು ಬೆರಳಗಲ ಬೆಳ್ಳಗಿನ ಉಕ್ಕು — ಆ ಕುರೂಪದ ಚಾಕು ಮಾರಲು ಕೂತವನಿಗೇ ಬೇಡವಾಗಿತ್ತೇನೋ, ಅಗ್ಗಕ್ಕೆ ಬಂತು. ಜೊತೆಗೆ ಒಂದು ಕಡೆ ತರಿ, ಇನ್ನೊಂದು ಕಡೆ ನುಣುಪಾದ ಮಸೆಗಲ್ಲು. ಮಗಳು ಕಾಂಚನಾ ಮಗ್ಗಿ ಒಪ್ಪಿಸುತ್ತ ಕೂತರೆ ಇವಳು ಪಕ್ಕದಲ್ಲೇ ಕಲ್ಲಿಗೆ ನೀರು ಹಾಕಿ, ಈ ಮಗ್ಗುಲು ಎಷ್ಟು ಎಳೆತವೋ ಆ ಮಗ್ಗುಲೂ ಅಷ್ಟೇ ಎಳೆದು, ಮಸೆಯುವುದನ್ನು ಕಲಿತಳು. ಮೊದಮೊದಲು ಕೆಡಿಸಿದಳು. ಆಮೇಲೆ ಕೈಗೆ ಹತ್ತಿತು.

ಅಂಥ ಚಾಕು ಅಮಾವಾಸ್ಯೆಯ ಮರುದಿನ ಬೆಳಗಾಗುವುದರಲ್ಲಿ ಟೊಮೆಟೊ ಕೊಯ್ಯದಂತಾಗಿತ್ತು. ಅದೂ ನಾಳೆ ತೇರದಾಳದಲ್ಲಿ ನಿಶ್ಚಯ ಕಾರ್ಯ, ಅಡಿಗೆ ಇವರದೇ ಎನ್ನುವಾಗ.

ಮಧ್ಯಾಹ್ನ ಪಂಕ್ತಿ ಕೂತಿತು. ಬಾಯಿಗೆ ಬಿಡುವು ಕೊಡದ ನೇಕಾರ ಮಲಕಾಜಪ್ಪ ತಾಟಿನಿಂದ ಬದನೆಕಾಯಿ ಹೋಳೊಂದನ್ನು ಎತ್ತಿ ಎಲ್ಲರಿಗೂ ತೋರಿಸಿದ.

"ಆಯಿ, ಇವತ್ತ ಬದನಿಕಾಯಿ ಕೊಯ್ದೀರೋ ಕೊಡ್ಲಿಯಿಂದ ಕಡದೀರೋ? ಒಂದೊಂದ ಹೋಳ ನಮ್ಮ ಲಾಳಿಯಷ್ಟ ಐತಲ್ರಿ."

ಪಂಕ್ತಿ ನಕ್ಕಿತು. ಮುತ್ತವ್ವ ನಗಲಿಲ್ಲ.

"ಏನ ಮಾಡೂದೋ ಮಲಕಾಜಪ್ಪಾ. ನಮ್ಮ ವಂದನಾ ಚಾಕು ಮನಿಗೆ ಒಯ್ದು ನಿಮ್ಮ ಸೇಠನ ನೂಲ ಕೊಯ್ಕೊಂಡ ಬಂದಾಳ. ಬಾಯಿ ಹಾಳಾಗೇತಿ. ನೀಲಿ ಬಣ್ಣ ಇನ್ನೂ ಹಂಗ ಐತಿ, ಕೇಳಿದ್ರ ಇಲ್ಲ ಅಂತಾಳ."

ರೊಟ್ಟಿ ಬುಟ್ಟಿ ಹಿಡಿದು ನಿಂತಿದ್ದ ವಂದನಾ, "ಆಯಿ, ನಾ ಕೊಯ್ದಿಲ್ರಿ," ಎಂದಳು.

"ಮತ್ತ ನೀಲಿ ಎಲ್ಲಿಂದ ಬಂತು? ಮುಗಲಿನಿಂದ ಉದುರಿತೇನು? ನಿನ್ನ ಉಗುರ ನೋಡ್ಕೋ."

ಅವಳು ನೋಡಿಕೊಳ್ಳಲಿಲ್ಲ. ಉಳಿದವರೆಲ್ಲ ನೋಡಿದರು.

"ಚಾಕು ಯಾವಾಗ ತಂದ ಕೊಟ್ಟಿ?"

"ನಿನ್ನೆನ ಮಧ್ಯಾಹ್ನ ತಂದೇನ್ರಿ."

"ನಿನ್ನೆ ಮಧ್ಯಾಹ್ನ ನಾನು, ರಾಜೇಶ್ವರಿ, ಕೂಸು ಮೂವರೂ ಗುಡಿಗೆ ಹೋಗಿದ್ವಿ. ಯಾರ ಕೈಯಾಗ ಕೊಟ್ಟಿ?"

ವಂದನಾ ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

"ಮನ್ಯಾಗ ಕೊಟ್ಟ ಹೋಗೇನ್ರಿ."

"ಯಾರ ಕೈಯಾಗ ಅಂತ ಕೇಳಿದೆ ನಾ."

ಪಂಕ್ತಿಯ ತುದಿಯಲ್ಲಿ ಮಾವ ಗಿರಿಮಲ್ಲಪ್ಪ ಕೂತಿದ್ದರು. ನೇಕಾರರ ಪೈಕಿ ಹಿರಿಯರು. ಅಣ್ಣತಮ್ಮಂದಿರ ಪಾಲು, ಮಜೂರಿ ತಕರಾರು, ಏನಿದ್ದರೂ ಜನ ಅವರ ಕಟ್ಟೆಗೆ ಬರುತ್ತಾರೆ. ಈಗಲೂ ಎಲ್ಲರೂ ಅತ್ತ ತಿರುಗಿದರು. ಅವರು ರೊಟ್ಟಿ ಮುರಿಯುತ್ತ, "ಊಟಾ ಮಾಡ್ರಿ, ತಣ್ಣಗಾಗತೈತಿ," ಎಂದರು. ಅಷ್ಟೇ.

"ಹೆಸರ ಹೇಳಾಕ ಬರೂದಿಲ್ಲಂದ್ರ ನಾಳಿಂದ ಬರಬ್ಯಾಡ," ಎಂದಳು ಮುತ್ತವ್ವ.

ವಂದನಾ ಬುಟ್ಟಿ ಕೆಳಗಿಟ್ಟಳು. ಕೈ ತೊಳೆದುಕೊಂಡು ಹೋದಳು.

ರಾಜೇಶ್ವರಿಗೆ ಸಿಟ್ಟು ಬಂತು. ಯಾರ ಮೇಲೆ ಎಂಬುದೇ ತಿಳಿಯಲಿಲ್ಲ. ಅತ್ತೆಯ ಮೇಲೆ? ಬಾಯಿಬಿಡದ ವಂದನಾಳ ಮೇಲೆ? ಬೆಳಿಗ್ಗೆ ನೂಲಿನ ಮಾತೆತ್ತಿದ ತನ್ನ ಮೇಲೆ? ಈ ಕೆಲಸ ಒಂದೇ ಹೋದರೆ ಹೇಗೋ ಆಗುತ್ತಿತ್ತು. ಆದರೆ ಮಲಕಾಜಪ್ಪ ನೇಯುವುದು ಅದೇ ಸೇಠನ ಮಗ್ಗದಲ್ಲಿ. ಸಂಜೆಯೊಳಗೆ ಮಾತು ಅಲ್ಲಿಗೆ ಮುಟ್ಟುತ್ತದೆ. ನೂಲು ಹಾಳು ಮಾಡಿ ಸುಳ್ಳು ಹೇಳುವವಳು ಎಂದಾದರೆ ಕಂಡಿಕೆ ಕೆಲಸವೂ ಹೋಯಿತು. ವಂದನಾಳ ಮಗಳು ಜಮಖಂಡಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಆ ಹುಡುಗಿ ಗಂಟು ಕಟ್ಟಿಕೊಂಡು ವಾಪಸು ಬರಬೇಕಾಗುತ್ತದೆ.

ತಾಟು ತೊಳೆದು ಮುಗಿಸಿದವಳೇ ರಾಜೇಶ್ವರಿ ಚಾಕು ಹಿಡಿದು ಕೂತಳು. ಸೋಪಿನ ಪುಡಿ ಹಾಕಿ ತಿಕ್ಕಿದಳು. ನೀಲಿ ಹೋಗಲಿಲ್ಲ. ಬಟ್ಟೆಗೆ ಚಿಮಣಿ ಎಣ್ಣೆ ಅದ್ದಿ ಉಜ್ಜಿದಳು. ಬಟ್ಟೆಯಲ್ಲಿ ಕಪ್ಪು ಬಂತು, ನೀಲಿ ಬರಲಿಲ್ಲ. ಇದೆಂಥ ಬಣ್ಣ?

ಅಷ್ಟರಲ್ಲಿ ಪಕ್ಕದ ಮನೆಯ ಬೋರವ್ವ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಳು. ಮಜ್ಜಿಗೆ ಸಿಕ್ಕರೂ ಹೋಗಲಿಲ್ಲ.

"ನಿಮ್ಮ ಮನ್ಯಾಗ ಅಮಾಸಿನೂ ಇಲ್ಲ ಹುಣ್ಣಿವಿನೂ ಇಲ್ಲ ಬಿಡ್ರಿ. ನಿನ್ನೆ ಮಧ್ಯಾಹ್ನ ಜರಾ ಅಡ್ಡಾಗೂನಂದ್ರ ಒಂದ ಸಮನ ಕಿರ್ ಅನ್ನೂ ಸಪ್ಪಳ."

"ನಿನ್ನೆ ನಮ್ಮ ಮಗ್ಗ ಬಂದ್ ಇದ್ದವಲ್ರಿ ಬೋರವ್ವಕ್ಕಾ."

"ಮಗ್ಗದ ಸಪ್ಪಳ ನನಗ ಗೊತ್ತಿಲ್ಲೇನವಾ? ಅದರ ಜೋಗುಳದಾಗ ಹುಟ್ಟಿ ಬೆಳದಾಕಿ ನಾ. ಇದು ಹಲ್ಲ ಜುಮ್ ಅನ್ನಸೂ ಸಪ್ಪಳ."

ಒಲೆಯ ಮೇಲೆ ಬೇಳೆ ಉಕ್ಕಿತು. ರಾಜೇಶ್ವರಿ ಎದ್ದು ಓಡಿದಳು. ಮಾತು ಅಲ್ಲಿಗೇ ಉಳಿಯಿತು.

ಶೆಡ್ಡಿನಲ್ಲಿ ಮಲ್ಲಿನಾಥ ಹರಿದ ಎಳೆ ಹುಡುಕುತ್ತಿದ್ದ. ಮಗ್ಗಗಳ ಅಬ್ಬರದಲ್ಲಿ ಕೂಗಿಯೇ ಮಾತಾಡಬೇಕು.

"ರೀ, ಈ ನೀಲಿ ಏನಿರಬಹುದು? ಒಮ್ಮೆ ನೋಡ್ರಿ."

"ಬಣ್ಣ," ಎಂದ ಅವನು, ತಿರುಗದೆ.

"ನೋಡಲಾರದ ಹೇಳ್ತೀರಲ್ಲ."

"ಬನಹಟ್ಟ್ಯಾಗ ನೀಲಿ ಅಂದ್ರ ಮತ್ತೇನಿರತೈತಿ? ಒಂದ ಚಾಕೂಗಿಷ್ಟ ರಗಳೆ ಮಾಡಬ್ಯಾಡ, ಬ್ಯಾರೆ ತಗೊಂಡ್ರಾತು."

ಅವಳು ಹೊರಗೆ ಬಂದಳು. ಬೇರೆ ತಗೊಳ್ಳುವುದಂತೆ. ಚಾಕು ತಗೊಳ್ಳಬಹುದು. ವಂದನಾಳಂಥವಳನ್ನು ಯಾವ ಸಂತೆಯಲ್ಲಿ ತಗೊಳ್ಳುವುದು?

ಬೇಳೆಯ ಕೆಳಗೆ ಉರಿ ಸಣ್ಣ ಮಾಡಿ, ಚಾಕುವನ್ನು ಸೆರಗಿನಲ್ಲಿ ಸುತ್ತಿಕೊಂಡು ವಂದನಾಳ ಮನೆಗೆ ನಡೆದಳು. ವಂದನಾ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಎದ್ದು ಚಾಪೆ ಹಾಸಿದಳು. ಮುಖ ನೋಡಲಿಲ್ಲ.

"ನಿನ್ನ ಮನ್ಯಾಗ ಹಳೇ ಚಾಕು ಐತೇನು? ಬೆಳ್ಳಗಿರೂದು."

"ಐತ್ರಿ. ಯಾಕ್ರಿ?"

"ನಿನ್ನ ನೂಲ ಒಂದ ಹಿಡಿ ಕೊಯ್ಯಿ ಅದರಿಂದ."

"ಅಕ್ಕಾರ, ನೀವೂ ನನ್ನ ಪರೀಕ್ಷಾ ಮಾಡಾಕ ಬಂದೀರೇನು?"

"ನಿನ್ನಲ್ಲ, ನೂಲನ್ನ."

ವಂದನಾ ಹರಿದು ಬಿದ್ದ ಎಳೆಗಳನ್ನು ಒಟ್ಟು ಮಾಡಿ ಕೊಯ್ದಳು. ಮತ್ತೆ ಮತ್ತೆ ಕೊಯ್ದಳು. ರಾಜೇಶ್ವರಿ ಆ ಚಾಕುವನ್ನು ತೆಗೆದುಕೊಂಡು ನೋಡಿದಳು. ಒಂದು ಚುಕ್ಕೆ ನೀಲಿ ಕೂಡ ಹತ್ತಿರಲಿಲ್ಲ. ಒಣ ನೂಲಿನ ಬಣ್ಣ ಬೆವರಿದ ಬೆರಳಿಗೆ ಹತ್ತುತ್ತದೆ, ಉಕ್ಕಿಗಲ್ಲ.

"ನೀ ಕೊಟ್ಟಾಗ ಚಾಕು ಹೆಂಗಿತ್ತು?"

"ಬೆಳ್ಳಗಿತ್ರಿ. ತೊಳದು, ಒರಸಿ, ಎಣ್ಣಿ ಹಚ್ಚಿ ಕೊಟ್ಟೇನಿ. ನೀವ ಹೇಳಿಕೊಟ್ಟಂಗ."

"ಯಾರ ಕೈಯಾಗ?"

ವಂದನಾ ರಾಟಿಯ ಹಿಡಿ ತಿರುವುತ್ತ ಕೂತಳು. "ಅದನ್ನ ಕೇಳಬ್ಯಾಡ್ರಿ. ಹೇಳಿದ್ರ ಅವರ ಮ್ಯಾಲ ಹಾಕಿದಂಗ ಆಗತೈತಿ. ಅವರೇನ ಮಾಡ್ಯಾರೋ ಬಿಟ್ಟಾರೋ, ನಾ ಕಣ್ಣಿನಿಂದ ಕಂಡಿಲ್ಲ."

"ಎರಡೂ ಕೆಲಸ ಹೋಗತಾವಲ್ಲಬೇ."

"ಗೊತ್ತೈತ್ರಿ."

"ಮಗಳಿಗೇನ ಹೇಳ್ತಿ?"

ರಾಟಿ ನಿಂತಿತು. ವಂದನಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀವು ಹೋಗ್ರಿ ಅಕ್ಕಾರ. ಬ್ಯಾಳಿ ಇಟ್ಟ ಬಂದಿರತೀರಿ."

ಹೌದು, ಇಟ್ಟೇ ಬಂದಿದ್ದಳು. ತಳ ಹತ್ತಿತ್ತು.

ಸುಟ್ಟ ಬೇಳೆಯ ಪಾತ್ರೆಗೆ ನೀರು ಹಾಕಿ ನಿಂತಾಗ ಅಳು ಬಂದಂತಾಯಿತು. ವಂದನಾ ಅಲ್ಲ ಎಂಬುದೇನೋ ಖಾತ್ರಿಯಾಗಿತ್ತು. ಆದರೆ ಅತ್ತೆಗೆ ಏನು ಹೇಳುವುದು? ನೂಲಿನ ಬಣ್ಣವಲ್ಲ ಎಂದರೆ, ಹಾಗಾದರೆ ಏನು ಎಂದು ಕೇಳುತ್ತಾಳೆ. ಅಲ್ಲಿಗೆ ಬಂದು ಮಾತು ನಿಲ್ಲುತ್ತದೆ.

"ಯವ್ವಾ ಸತ್ನೆವಾ," ಎಂದು ಮುತ್ತವ್ವ ಕುಂಟುತ್ತ ಒಳಗೆ ಬಂದಳು. ವಂದನಾಳ ಜಾಗಕ್ಕೆ ಬೇರೆ ಆಳು ಹುಡುಕಲು ಕಾಲುವೆಯಾಚೆ ಹೋಗಿ, ಆಳು ಸಿಗದೆ, ಜಾಲಿಮುಳ್ಳು ತುಳಿದು ಬಂದಿದ್ದಳು.

"ಕುಂದರ್ರಿ. ಮುಳ್ಳ ಮುರದೈತೇನು?"

"ಒಳಗ ಐತಿ. ಸೂಜಿ ತಗೊಂಡ ಬಾ. ಸುಟ್ಟ ತಗೊಂಡ ಬಾ ಮತ್ತ, ಹಂಗ ಚುಚ್ಚೀ ಎಲ್ಲ್ಯಾರ."

ರಾಜೇಶ್ವರಿ ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ಒಡ್ಡಿದಳು. ತುದಿ ಕೆಂಪಾಯಿತು. ತೆಗೆದು ಆರಲು ಬಿಟ್ಟಳು. ಮುಳ್ಳಿರುವ ಜಾಗಕ್ಕೆ ಬೆಳಕು ಬೀಳುವಂತೆ ಅತ್ತೆಯ ಪಾದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಸೂಜಿ ಎತ್ತಿಕೊಂಡಳು.

ಕೈ ಅಲ್ಲೇ ನಿಂತಿತು.

ಸೂಜಿಯ ತುದಿ ಮಾಸಿತ್ತು. ತುದಿಯಿಂದ ಈಚೆ ನೀಲಿ. ನೀಲಿಯ ಈಚೆ ನೇರಳೆ, ಆಮೇಲೆ ಕಂದು, ಆಮೇಲೆ ಅರಿಶಿನದ ನೀರಿನಂಥ ಗೆರೆ. ಅದರಾಚೆ ಬೆಳ್ಳಗಿನ ಉಕ್ಕು.

ಎಷ್ಟು ಮುಳ್ಳು ತೆಗೆದಿದ್ದಾಳೆ ಅವಳು. ಮಗಳ ಕಾಲಿನಿಂದ, ಗಂಡನ ಕಾಲಿನಿಂದ. ಎಷ್ಟು ಸಲ ಸೂಜಿ ಸುಟ್ಟಿದ್ದಾಳೆ. ನೋಡಿರಲಿಲ್ಲ.

"ನಿದ್ದಿ ಹತ್ತೀತೇನು? ಚುಚ್ಚ ಲಗೂನ."

"ಅತ್ತಿ, ನಿನ್ನೆ ನಾವು ಗುಡಿಗೆ ಹೋದಾಗ ಮನ್ಯಾಗ ಯಾರಿದ್ರು?"

"ಯಾರಿರತಾರ? ನಿನ್ನ ಗಂಡ ಸೀರಿ ಗಂಟ ತಗೊಂಡು ಮುಂಜಾನೆನ ಜಮಖಂಡಿಗೆ ಹೋಗಿದ್ದ. ಮಗ್ಗದಾಳಿಗೆ ಅಮಾಸಿ ಸೂಟಿ. ನಿಮ್ಮ ಮಾವ ಇದ್ರು ಕಟ್ಟಿ ಮ್ಯಾಲ. ಅಯ್ಯವ್ವಾ, ಸಾವಕಾಶ..."

"ಶೆಡ್ಡಿನ ಕೀಲಿ?"

"ಅವರ ಉಡದಾರದಾಗ ಇರತೈತಿ. ಸೂಟಿ ದಿನ ಮತ್ತ್ಯಾರ ಹತ್ರ ಕೊಡ್ತಾರ? ನೀ ಮುಳ್ಳ ತಗೀತೀಯೋ ಪಂಚಾಯ್ತಿ ಮಾಡ್ತೀಯೋ?"

ಮುಳ್ಳು ಬಂತು. ರಾಜೇಶ್ವರಿ ಅದನ್ನು ಅಂಗೈಯಲ್ಲಿಟ್ಟು ಅತ್ತೆಗೆ ತೋರಿಸಿದಳು. ಸೂಜಿಯನ್ನು ಮಾತ್ರ ಎಸೆಯಲಿಲ್ಲ.

ಆಮೇಲೆ ಹಿಂದಿನ ಬಾಗಿಲಿನಿಂದ ಶೆಡ್ಡಿಗೆ ಹೋದಳು. ಮೂಲೆಯ ಮೇಜಿನ ಮೇಲೆ ಸಾಣೆಯ ಮಶೀನು ಇತ್ತು. ಗುಂಡಿ ಒತ್ತಿದರೆ ಕಲ್ಲು ಗರಗರ ತಿರುಗುತ್ತದೆ. ಲಾಳಿಯ ಉಕ್ಕಿನ ಮೂತಿ ಸವೆದು ಎಳೆ ಹರಿಯತೊಡಗಿದರೆ ಅದಕ್ಕೆ ಹಿಡಿದು ಸರಿ ಮಾಡುತ್ತಾರೆ. ಹಳೆಯ ಕಬ್ಬಿಣದ ತಗಡಿನ ತುಂಡೊಂದನ್ನು ಹಿಡಿದು ನೋಡಿದಳು. ಕಿರ್ ಎಂದಿತು. ಹಲ್ಲು ಜುಮ್ಮೆಂದವು. ಕಿಡಿ ಹಾರಿದವು. ತುಂಡಿನ ಅಂಚು ಅವಳ ಕಣ್ಣೆದುರೇ ಹಳದಿಯಾಗಿ, ಕಂದಾಗಿ, ನೀಲಿಯಾಯಿತು.

ಮಲ್ಲಿನಾಥ ಮಗ್ಗ ನಿಲ್ಲಿಸಿ ಬಂದ. "ಏನ ಮಾಡಾಕತ್ತಿ?"

"ಇವತ್ತ ಒಂದ ಸಲ ನೋಡ್ರಿ," ಎಂದು ತುಂಡನ್ನು ಅವನ ಕೈಗೆ ಕೊಟ್ಟಳು.

ಈಗ ತಿಳಿದಿತ್ತು. ತಿಳಿದದ್ದೇ ಕಷ್ಟವಾಯಿತು. ಈ ಮನೆಗೆ ಬಂದಂದಿನಿಂದ ಅವಳು ಮಾವನ ಎದುರು ನಿಂತು ಮಾತಾಡಿದವಳಲ್ಲ. ಏನಿದ್ದರೂ ಅತ್ತೆಯ ಮೂಲಕ, ಇಲ್ಲವೇ ಮಗಳನ್ನು ಮುಂದೆ ಮಾಡಿ. ಸುಮ್ಮನಿದ್ದುಬಿಟ್ಟರೆ ಮನೆ ತಣ್ಣಗಿರುತ್ತದೆ. ಹಾಗೆಂದೇ ವಂದನಾಳೂ ಸುಮ್ಮನಿದ್ದಾಳೆ. ಮಾವನೂ ಸುಮ್ಮನಿದ್ದಾರೆ. ಇಷ್ಟು ಜನರ ಸುಮ್ಮನಿರುವಿಕೆಗೆ ಒಬ್ಬಳ ಅನ್ನ ಹೋಗಬೇಕೆ?

ಸಂಜೆ ಪಡಸಾಲೆಯಲ್ಲಿ ಮೂವರೂ ಇದ್ದರು. ಮಾವ ಕುರ್ಚಿಯಲ್ಲಿ. ಅತ್ತೆ ಕಾಲು ಚಾಚಿಕೊಂಡು ಗೋಡೆಗೊರಗಿ. ಮಲ್ಲಿನಾಥ ಚಹಾ ಹಿಡಿದು. ರಾಜೇಶ್ವರಿ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ತಾಟೊಂದನ್ನು ನಡುವೆ ಇಟ್ಟಳು. ಅದರಲ್ಲಿ ಚಾಕು, ಪಕ್ಕದಲ್ಲಿ ಸೂಜಿ.

"ಅತ್ತಿ, ಎರಡರ ಬಣ್ಣಾನೂ ನೋಡ್ರಿ."

ಮುತ್ತವ್ವ ಬಾಗಿ ನೋಡಿದಳು. "ಒಂದ ಥರಾ ಅದಾವು."

"ಸೂಜಿ ನಿಮ್ಮ ಮುಳ್ಳ ತಗದದ್ದು. ಅದಕ್ಕ ನೂಲ ಹತ್ತಿಲ್ಲ. ಉರಿಗೆ ಹಿಡದೆ, ನೀಲಿ ಆತು. ಚಾಕೂಗೂ ಕಾವ ಹತ್ತೇತಿ. ನಾವೆಲ್ಲ ನೀಲಿ ಒಂದನ್ನ ನೋಡಿದ್ವಿ. ಅದರ ಮ್ಯಾಲಿನ ನೇರಳಿ, ಕಂದು, ಹಳದಿ ಯಾರೂ ನೋಡಲಿಲ್ಲ. ಬಣ್ಣ ಹತ್ತಿದ್ರ ಒಂದ ಬಣ್ಣ ಇರಬೇಕಿತ್ತು. ಹಿಂಗ ಸಾಲಾಗಿ ಬರಾಕ ಕಾವ ಬೇಕು."

"ವಂದನಾ ಒಲಿಯಾಗ ಇಟ್ಟಿರಬೇಕು."

"ಒಲಿಯಾಗ ಇಟ್ರ ಚಾಕು ಎಲ್ಲಾ ಕಡೆ ಸುಡತಿತ್ತು, ಹಿಡೀನೂ ಕಪ್ಪಾಗತಿತ್ತು. ಇದು ಬಾಯಿಗಷ್ಟ ಸುಟ್ಟೈತಿ. ಮಶೀನಿನ ಸಾಣಿಗೆ ಒಣದ ಹಿಡದ್ರ ಹಿಂಗ ಆಗತೈತಿ. ಲಾಳಿ ಮೂತಿಗೆ ಅದು ಛಲೋ. ಚಾಕೂನ ಬಾಯಿ ತೆಳ್ಳಗ, ಕಾವ ತಡಿಯೂದಿಲ್ಲ. ಉಕ್ಕ ಮೆತ್ತಗಾಗತೈತಿ. ಮೊದಲ ನಾಕ ಉಳ್ಳಾಗಡ್ಡಿ ಕೊಯ್ತು, ಆಮ್ಯಾಲ ಕೈ ಕೊಡ್ತು. ಅದಕ್ಕ."

ಮಲ್ಲಿನಾಥ ಚಹಾ ಕೆಳಗಿಟ್ಟ. "ನಿನ್ನೆ ನಾ ಊರಾಗ ಇದ್ದಿಲ್ಲ."

"ಇದ್ದಿಲ್ರಿ. ಮಗ್ಗದಾಳೂ ಇದ್ದಿಲ್ಲ. ನಾನೂ ಅತ್ತೀನೂ ಗುಡ್ಯಾಗ ಇದ್ವಿ. ಅದ ಹೊತ್ತಿಗೆ ಬೋರವ್ವಕ್ಕಗ ಸಾಣಿ ಸಪ್ಪಳ ಕೇಳೇತಿ. ಶೆಡ್ಡಿಗೆ ಕೀಲಿ ಇತ್ತು."

ರಾಜೇಶ್ವರಿ ಕುರ್ಚಿಯತ್ತ ತಿರುಗಿದಳು.

"ಮಾಮಾರ, ವಂದನಾ ಚಾಕು ಕೊಟ್ಟದ್ದು ನಿಮ್ಮ ಕೈಯಾಗ. ಸಾಣಿಗೆ ಹಿಡದದ್ದು ನೀವು."

"ಏನ ಮಾತಾಡ್ತಿ ನೀ?" ಮುತ್ತವ್ವ ಕಾಲಿನ ನೋವು ಮರೆತು ಎದ್ದು ನಿಂತಳು. "ಯಾರ ಮುಂದ ನಿಂತೀ ಅಂತ ಖಬರ ಐತೇನು?"

"ಕುಂದರ," ಎಂದರು ಗಿರಿಮಲ್ಲಪ್ಪ ಹೆಂಡತಿಗೆ. ಆಮೇಲೆ ತಾಟಿನತ್ತ ಬಾಗಿದರು. "ಖರೆ ಐತಿ. ನಾನ."

"ನೀವ್ಯಾಕ ಚಾಕು ಮುಟ್ಟಾಕ ಹೋದ್ರಿ?"

"ಆ ಹೆಣ್ಣಮಗಳು ಕೈಯಾಗ ಕೊಟ್ಟು ಹೋದ್ಳು. ಹೆಬ್ಬಟ್ಟಿನಿಂದ ನೋಡಿದೆ, ಕುಂಬಳಕಾಯಿ ಕೊಯ್ದು ಜರಾ ಮೊಂಡಾಗಿತ್ತು. ತೇರದಾಳದ ಅಡಗಿ ಐತಿ, ಸೊಸಿ ತಿಕ್ಕೋತ ಕುಂದರತಾಳ, ಒಂದ ಕೈ ಹಿಡದ ಇಟ್ರ ಮುಂಜಾನೆ ನೋಡಿ ಖುಷಿ ಆಗತಾಳ ಅಂತ..." ಅವರು ನಿಲ್ಲಿಸಿದರು. "ನೀಲಿ ಆದದ್ದು ಅವಾಗ ಕಂಡೇನಿ. ಏನಾಗತೈತಿ ಬಿಡು ಅಂದ್ಕೊಂಡೆ."

ಆ ಮಾತಿಗೆ ರಾಜೇಶ್ವರಿಯ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಇಳಿಯಲಿಲ್ಲ.

"ಚಾಕು ಕೆಟ್ಟದ್ದಕ್ಕ ನಾ ಏನೂ ಅನ್ನೂದಿಲ್ರಿ. ಮಧ್ಯಾಹ್ನ ಆಕೀಗೆ ಅಂದಾಗ ನೀವು ಅಲ್ಲೇ ಇದ್ರಿ."

"ಇದ್ದೆ."

"ಎಲ್ಲಾರೂ ನಿಮ್ಮ ಮಾರಿ ನೋಡಿದ್ರು."

"ಅದಕ್ಕ ಬಾಯಿ ಬರಲಿಲ್ಲವಾ," ಎಂದರು ಮುದುಕರು.

ಅವರು ಟೊಪ್ಪಿಗೆ ಹಾಕಿಕೊಂಡು ಎದ್ದರು. ವಂದನಾಳ ಮನೆಯತ್ತ ಹೋಗುತ್ತಿದ್ದಾರೆಂದು ಯಾರೂ ಕೇಳದೆಯೇ ತಿಳಿಯಿತು. ಮಲ್ಲಿನಾಥ ಚಾಕು ಎತ್ತಿ ತಿರುವಿ ನೋಡಿದ.

"ಇದನ್ನೇನ ಮಾಡೂದು?"

"ನೀಲಿ ಇದ್ದಷ್ಟೂ ಕಲ್ಲಿಗೆ ತೇಯಬೇಕು. ನೀರ ಹಾಕ್ಕೋತ, ಕೈಲೆ. ಎಷ್ಟ ಉಳೀತೈತೋ ಅಷ್ಟ ಚಾಕು," ಎಂದಳು ಅವಳು. "ಇವತ್ತಂತೂ ಆಗೂದಲ್ಲ."

ಗಿರಿಮಲ್ಲಪ್ಪ ಒಬ್ಬರೇ ವಾಪಸು ಬಂದರು.

"ಏನಂದ್ಳು?" ಮುತ್ತವ್ವ ಕೇಳಿದಳು.

"ಬರೂದಿಲ್ಲ ಅಂದ್ಳು. ನಾಕ ಮಂದಿ ಮುಂದ ಅನಿಸಿಕೊಂಡ ಹೋಗೇನಿ, ನೀವು ಯಾರಿಗೂ ಕಾಣಲಾರದ ಸಂದ್ಯಾಗ ಬಂದ ಕರದ್ರ ಹೆಂಗ ಬರ್ಲಿ ಅಂದ್ಳು."

"ಎಷ್ಟ ಸೊಕ್ಕ ನೋಡ ಆಕೀಗೆ."

"ಸೊಕ್ಕೇನೈತ್ರಿ ಅದರಾಗ?" ಎಂದಳು ರಾಜೇಶ್ವರಿ. ಇವತ್ತು ಬಾಯಿ ತೆರೆದದ್ದು ಮುಚ್ಚಿಕೊಳ್ಳುವ ಹಾಗೆ ಕಾಣಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ನೇಕಾರರು ಊಟಕ್ಕೆ ಬಂದು ಕೂತರು. ಗಿರಿಮಲ್ಲಪ್ಪ ತಮ್ಮ ಜಾಗದಲ್ಲಿ ಕೂಡಲಿಲ್ಲ. ಬಾಗಿಲ ಪಕ್ಕ ನಿಂತರು.

"ಕುಂದರ್ರಿ ಅಜ್ಜಾರ, ರೊಟ್ಟಿ ಬಿಸಿ ಅದಾವು," ಎಂದ ಮಲಕಾಜಪ್ಪ.

"ತಡಿ. ಒಂದ ಮಾತೈತಿ." ಧ್ವನಿ ಎಂದಿನ ಪಂಚಾಯ್ತಿಯ ಧ್ವನಿಯಾಗಿರಲಿಲ್ಲ. "ಚಾಕು ಕೆಡಿಸಿದಾಂವ ನಾನು. ಮಶೀನಿಗೆ ಹಿಡದು ಸುಟ್ಟೆ. ಆ ನೀಲಿ ನೂಲಿಂದಲ್ಲ. ವಂದನಾಂದು ಏನೇನೂ ತಪ್ಪಿಲ್ಲ. ಮಧ್ಯಾಹ್ನ ಆಕೀಗೆ ಅಂದಾಗ ನಾ ಇಲ್ಲೇ ರೊಟ್ಟಿ ಮುರಕೋತ ಕುಂತಿದ್ದೆ. ಅದು ಚಾಕು ಕೆಡಿಸಿದ್ದಕ್ಕಿಂತ ದೊಡ್ಡ ತಪ್ಪು."

ಪಂಕ್ತಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ಹಿರಿಯರು ತಪ್ಪೊಪ್ಪಿಕೊಂಡರೆ ಎಲ್ಲಿ ನೋಡಬೇಕೆಂದು ಅವರಿಗೆ ಗೊತ್ತಿರಲಿಲ್ಲ.

ಹೊರಗೆ ಕಟ್ಟೆಯ ಹತ್ತಿರ ವಂದನಾ ನಿಂತಿದ್ದಳು. ಬರುವುದಿಲ್ಲ ಎಂದವಳು ಕೇಳಲು ಬಂದಿದ್ದಳು. ಮುತ್ತವ್ವ ಅವಳನ್ನು ನೋಡಿದಳು.

"ಒಳಗ ಬಾ. ರೊಟ್ಟಿ ನೀಡೂದೈತಿ. ನನ್ನ ಕಾಲಿಗೆ ಮುಳ್ಳ ನಟ್ಟೈತಿ."

ವಂದನಾ ಕದಲಲಿಲ್ಲ.

"ಮತ್ತೇನು ಹೇಳ್ಲಿ ಈಗ?"

"ನಿಮಗ ಗೊತ್ತೈತ್ರಿ ಆಯಿ."

ಮುತ್ತವ್ವ ಗೋಡೆ ಹಿಡಿದು, ಪಂಕ್ತಿಯತ್ತ ಒಮ್ಮೆ ನೋಡಿ, ನೆಲ ನೋಡಿ, ಒಂದೊಂದೇ ಅಕ್ಷರ ಕಿತ್ತು ತೆಗೆದಂತೆ ಅಂದಳು. "ತಪ್ಪಾತುಬೇ. ನಾ ಅನ್ನಬಾರದಿತ್ತು."

ಆಗ ವಂದನಾ ಒಳಗೆ ಬಂದಳು. ಕೈ ತೊಳೆದು, ಬುಟ್ಟಿ ಎತ್ತಿಕೊಂಡು, ಸೀದಾ ಮಲಕಾಜಪ್ಪನ ಮುಂದೆ ನಿಂತಳು.

"ಅಣ್ಣಾರ, ಸೇಠಗ ಹೇಳೀರೇನು?"

"ಹಂಗ ಮಾತ ಬಂತು, ಹೇಳಿದೆ ನೋಡವಾ," ಎಂದ ಅವನು ತಲೆ ಕೆರೆದುಕೊಳ್ಳುತ್ತ. "ನಾಳಿ ಹೋದಾಗ ತಿದ್ದಿ ಹೇಳ್ತೀನಿ."

"ನಾಳಿ ಮುಂಜಾನೆ ಸೇಠ ನೂಲ ಬ್ಯಾರೆದವರಿಗೆ ಕೊಟ್ಟಿರತಾನ. ಇವತ್ತ ಹೋಗ್ರಿ."

"ಉಂಡು ಹೋಗ್ತೀನಿ, ತರಬೇ ರೊಟ್ಟಿ."

ರೊಟ್ಟಿ ಅವಳ ಕೈಯಲ್ಲಿತ್ತು. ತಾಟಿನ ಮೇಲೆ ಹಿಡಿದೇ ನಿಂತಳು. ಮಲಕಾಜಪ್ಪ ಗಿರಿಮಲ್ಲಪ್ಪನವರ ಮುಖ ನೋಡಿದ, ರಾಜೇಶ್ವರಿಯ ಮುಖ ನೋಡಿದ. ಯಾರೂ ಅವನ ಸಹಾಯಕ್ಕೆ ಬರಲಿಲ್ಲ. ಕೊನೆಗೆ ಕಿಸೆಯಿಂದ ಫೋನು ತೆಗೆದು ಸೇಠನ ನಂಬರು ಒತ್ತಿದ. "ಹಲೋ ಸಾವಕಾರ್ರ, ಮಧ್ಯಾಹ್ನ ನಾ ಹೇಳಿದ್ದು ಸುಳ್ಳ ಆತ್ರಿ..." ಎಂದು ಶುರುಮಾಡಿ, ಪೂರ್ತಿ ಹೇಳಿ, ಆ ಕಡೆಯಿಂದ ಹೂಂ ಬಂದ ಮೇಲೆ ಫೋನನ್ನು ನೆಲದ ಮೇಲಿಟ್ಟ.

ಆಮೇಲೆ ರೊಟ್ಟಿ ತಾಟಿಗೆ ಬಿತ್ತು.